ಕಾಗದವಿಲ್ಲದ ನಿಧಿಬೇಟೆಗೆ ಎಂಥ ಯಂತ್ರ ಬೇಕು?

ಅಮೆರಿಕದ ಪಶ್ಚಿಮ ತೀರದಲ್ಲಿ ಆರೆಗಾನ್ ಎಂಬ ರಾಜ್ಯವಿದೆ. ಅಲ್ಲಿನ ಬೀವರ್‌ಕ್ರೀಕ್ ಎಂಬ ಊರಿನ ಬಳಿ, 2000ದ ಮೇ 3ರಂದು, ಡೇವ್ ಅಲ್ಮರ್ ಎಂಬವರು ಒಂದು ಕಪ್ಪು ಪ್ಲಾಸ್ಟಿಕ್ ಬಕೆಟನ್ನು ಮಣ್ಣಿನಲ್ಲಿ ಅರ್ಧ ಹೂತಿಟ್ಟು ಬಂದರು. ಬಕೆಟಿನೊಳಗೆ ಪುಸ್ತಕ, ವಿಡಿಯೊ, ಸ್ವಲ್ಪ ದುಡ್ಡು, ಒಂದು ಕವಣೆ, ಒಂದು ಡಬ್ಬಿ ಬೀನ್ಸ್ ಇದ್ದವು. ಆಮೇಲೆ ಅವರು ಅಂತರಜಾಲದಲ್ಲಿ ಆ ಜಾಗದ ಅಕ್ಷಾಂಶ, ರೇಖಾಂಶ ಎಂಬ ಎರಡು ಸಂಖ್ಯೆಗಳನ್ನು ಬರೆದರು: 45 ಡಿಗ್ರಿ 17.460 ಮಿನಿಟ್ ಉತ್ತರ, 122 ಡಿಗ್ರಿ 24.800 ಮಿನಿಟ್ ಪಶ್ಚಿಮ. ಬಕೆಟು ಸಿಕ್ಕಿದವರು ಅದರಿಂದ ಏನಾದರೊಂದನ್ನು ತೆಗೆದುಕೊಳ್ಳಬಹುದು, ಬದಲಿಗೆ ಏನಾದರೊಂದನ್ನು ಇಡಬೇಕು, ಒಳಗಿನ ಪುಸ್ತಕದಲ್ಲಿ ಹೆಸರು ಬರೆಯಬೇಕು. ಮೂರು ದಿನದೊಳಗೆ ಇಬ್ಬರು ಆ ಸಂಖ್ಯೆಗಳ ಬೆನ್ನು ಹತ್ತಿ ಹೋಗಿ ಬಕೆಟನ್ನು ಹುಡುಕಿಬಿಟ್ಟರು.

ಮೇ 3ಕ್ಕೆ ಒಂದು ಕಾರಣವಿತ್ತು. ನಾವು ಎಲ್ಲಿದ್ದೇವೆ ಎಂದು ತಿಳಿಯಲು ನೆರವಾಗುವ ಜಿಪಿಎಸ್ ಉಪಗ್ರಹಗಳು ಅಮೆರಿಕದ ಸೇನೆಯವು. ಜನಸಾಮಾನ್ಯರಿಗೆ ಸಿಗುವ ಸಂಕೇತದಲ್ಲಿ ಅಲ್ಲಿಯವರೆಗೆ ಬೇಕೆಂದೇ ಸ್ವಲ್ಪ ತಪ್ಪು ಬೆರೆಸಿರುತ್ತಿದ್ದರು. ಯಂತ್ರ 'ನೀನು ಇಲ್ಲಿದ್ದೀಯ' ಅಂದರೆ ಅಲ್ಲಿಂದ ಸುಮಾರು 100 ಮೀಟರ್ ಆಚೀಚೆ ಎಲ್ಲಿ ಬೇಕಾದರೂ ನೀವಿರಬಹುದಿತ್ತು. ಮೇ 1ರ ನಡುರಾತ್ರಿ ಅಮೆರಿಕ ಸರ್ಕಾರ ಆ ಬೆರಕೆಯನ್ನು ನಿಲ್ಲಿಸಿತು. ತಪ್ಪು ಸುಮಾರು 10 ಮೀಟರಿಗೆ ಇಳಿಯಿತು. ಹತ್ತು ಪಟ್ಟು ಒಳ್ಳೆಯದಾಯಿತು ಅಷ್ಟೇ ಅಂದುಕೊಳ್ಳಬೇಡಿ, ಲೆಕ್ಕ ಹಾಕಿ ನೋಡಿ. 100 ಮೀಟರ್ ತ್ರಿಜ್ಯದ ವೃತ್ತದ ವಿಸ್ತೀರ್ಣ 31,400 ಚದರ ಮೀಟರ್. 10 ಮೀಟರ್ ತ್ರಿಜ್ಯದ್ದು 314 ಚದರ ಮೀಟರ್. ಹುಡುಕಬೇಕಾದ ಜಾಗ ನೂರರಲ್ಲೊಂದು ಪಾಲಾಯಿತು! ಕಾಡಿನಲ್ಲಿ ಒಂದು ಬಕೆಟನ್ನು ಹುಡುಕಲು ಮೊದಲ ವೃತ್ತದಲ್ಲಿ ದಿನವಿಡೀ ಬೇಕು, ಎರಡನೆಯದರಲ್ಲಿ ಅರ್ಧ ಗಂಟೆ ಸಾಕು. ಹೀಗೆ ಒಂದು ಆಟ ಹುಟ್ಟಿತು. ಅದೇ ಜಿಯೋಕ್ಯಾಶಿಂಗ್. ಆ ವರ್ಷದ ಸೆಪ್ಟೆಂಬರಿನಲ್ಲಿ ಇದಕ್ಕೆಂದೇ ಒಂದು ಜಾಲತಾಣ ಶುರುವಾದಾಗ ಜಗತ್ತಿನಲ್ಲಿದ್ದದ್ದು ಹೀಗೆ ಬಚ್ಚಿಟ್ಟ 75 ಡಬ್ಬಿಗಳು. ಈಗ 30 ಲಕ್ಷಕ್ಕೂ ಹೆಚ್ಚು.

ಮಕ್ಕಳೇ, ಈ ಆಟಕ್ಕೆ ಹೊರಡುವವರ ಕೈಯಲ್ಲಿ ಎಂಥ ಯಂತ್ರ ಇರಬೇಕು ಅನ್ನುವುದೇ ಇವತ್ತಿನ ನಮ್ಮ ಮಾತು. ಅಂಗಡಿಯಲ್ಲಿ ಹತ್ತು ಬಗೆಯವು ಇರುತ್ತವೆ. ಬೆಲೆ ನೋಡಿ ಆರಿಸಿದರೆ ಮೋಸ ಹೋಗುತ್ತೇವೆ. ಯಂತ್ರಕ್ಕೆ ಏನು ಗೊತ್ತಾಗುತ್ತದೆ, ಅದು ಹೇಗೆ ಗೊತ್ತಾಗುತ್ತದೆ ಅನ್ನುವುದನ್ನು ತಿಳಿದು ಆರಿಸಿದರೆ ಕಡಿಮೆ ಬೆಲೆಯದೂ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ನನಗೆ ಈ ವಿಷಯ ಇಷ್ಟವಾಗುವುದು ಅದಕ್ಕೇ: ಒಂದು ಆಟದ ಸಾಮಾನಿನೊಳಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಎಲ್ಲವೂ ಕೂತಿವೆ.

ಮೊದಲು ಕಾಗದದ ಕಥೆ. ಡಬ್ಬಿ ಇಟ್ಟವರು ಬರೀ ಎರಡು ಸಂಖ್ಯೆ ಕೊಟ್ಟು ಸುಮ್ಮನಾಗುವುದಿಲ್ಲ. ಒಂದು ಪುಟ ಬರೆಯುತ್ತಾರೆ. ಡಬ್ಬಿ ಬಕೆಟಿನಷ್ಟು ದೊಡ್ಡದೋ, ಬೆರಳಿನ ತುದಿಯಷ್ಟು ಚಿಕ್ಕದೋ? ಹುಡುಕುವುದು ಎಷ್ಟು ಕಷ್ಟ, ದಾರಿ ಎಷ್ಟು ಕಷ್ಟ? ಇವೆರಡಕ್ಕೂ ಒಂದರಿಂದ ಐದರವರೆಗೆ ಅಂಕ ಇರುತ್ತದೆ. ದಾರಿಗೆ ಒಂದು ಅಂಕವಿದ್ದರೆ ಗಾಲಿಕುರ್ಚಿಯಲ್ಲೂ ಹೋಗಬಹುದು. ಐದು ಇದ್ದರೆ ದೋಣಿಯೋ ಹಗ್ಗವೋ ಬೇಕಾದೀತು. ಆಮೇಲೆ ಒಂದು ಸುಳಿವು. ಅದರ ಕೆಳಗೆ, ಹಿಂದೆ ಹುಡುಕಿದವರು ಬರೆದ ಮಾತುಗಳು. 'ಮಳೆಗಾಲದಲ್ಲಿ ಕಾಲುದಾರಿ ಮುಳುಗಿರುತ್ತದೆ' ಎಂದು ಹೋದವಾರ ಯಾರೋ ಬರೆದಿದ್ದರೆ ಅದು ಎಷ್ಟು ಬೆಲೆಬಾಳುವ ಮಾತು, ಯೋಚಿಸಿ.

ಆ ಸುಳಿವನ್ನು ನೇರವಾಗಿ ಬರೆಯುವುದಿಲ್ಲ, ಗುಪ್ತಲಿಪಿಯಲ್ಲಿ ಬರೆಯುತ್ತಾರೆ. ಇಂಗ್ಲಿಷಿನಲ್ಲಿ 26 ಅಕ್ಷರಗಳಲ್ಲವೇ? ಪ್ರತಿ ಅಕ್ಷರವನ್ನೂ 13 ಸ್ಥಾನ ಮುಂದಕ್ಕೆ ತಳ್ಳಿದರೆ ಆಯಿತು. ಎ ಬದಲು ಎನ್, ಬಿ ಬದಲು ಓ. ಇದರ ಸೊಗಸು ಏನೆಂದರೆ, ಬಿಡಿಸಲು ಬೇರೆ ಸೂತ್ರವೇ ಬೇಡ. ಇನ್ನೊಮ್ಮೆ 13 ತಳ್ಳಿದರೆ 26 ಆಗಿ, ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ಬೇಡವೆನ್ನುವವರ ಕಣ್ಣಿಗೆ ಸುಳಿವು ಬೀಳಬಾರದು, ಬೇಕೆನ್ನುವವರು ಪೆನ್ಸಿಲ್ ಹಿಡಿದು ಬಿಡಿಸಿಕೊಳ್ಳಬಹುದು, ಅಷ್ಟೇ ಇದರ ಉದ್ದೇಶ.

ಆಗ, ಅಂದರೆ 2000ದಲ್ಲಿ, ಜನರ ಕೈಯಲ್ಲಿದ್ದ ಯಂತ್ರಗಳಿಗೆ ಇಷ್ಟೆಲ್ಲ ಹಿಡಿಸುತ್ತಿರಲಿಲ್ಲ. ಗಾರ್ಮಿನ್ ಕಂಪನಿಯ ಹಳದಿ ಬಣ್ಣದ ಇಟ್ರೆಕ್ಸ್ ಅದೇ ವರ್ಷ ಬಂತು. ಅಂಗೈಯಗಲದ ಗಟ್ಟಿಮುಟ್ಟಾದ ಯಂತ್ರ. 500 ಜಾಗಗಳನ್ನು ನೆನಪಿಡುತ್ತಿತ್ತು, ಆದರೆ ಒಂದೊಂದು ಜಾಗದ ಹೆಸರಿಗೆ ಆರೇ ಅಕ್ಷರ. ಸುಳಿವು, ವಿವರಣೆ, ಹಿಂದಿನವರ ಮಾತು ಎಲ್ಲಿಡುವುದು? ಕಾಗದದ ಮೇಲೆ. ಒಂದು ದಿನದಲ್ಲಿ ಇಪ್ಪತ್ತು ಡಬ್ಬಿ ಹುಡುಕಲು ಹೊರಟವರು ಇಪ್ಪತ್ತು ಪುಟ ಅಚ್ಚು ಹಾಕಿಸಿ, ಮಳೆ ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗಬೇಕಾಗಿತ್ತು. ಆರೆಗಾನಿನ ಮಳೆಯಲ್ಲಿ ಆ ಕಾಗದದ ಗತಿ ಏನಾಗುತ್ತಿತ್ತೋ ನೀವೇ ಊಹಿಸಿ.

ಕಾಗದ ಬಿಡುವ ಮೊದಲ ಉಪಾಯ, ಎರಡು ಯಂತ್ರ ಹೊರುವುದು. ಆಗ ಪಾಮ್ ಎಂಬ ಅಂಗೈ ಕಂಪ್ಯೂಟರುಗಳಿದ್ದವು. ಪುಟಗಳನ್ನೆಲ್ಲ ಅದಕ್ಕೆ ತುಂಬಿಕೊಂಡು ಅದರಲ್ಲಿ ಓದುವುದು, ದಾರಿಯನ್ನು ಜಿಪಿಎಸ್ ಯಂತ್ರದಲ್ಲಿ ನೋಡುವುದು. 2002ರಲ್ಲಿ ಜಿಪಿಎಕ್ಸ್ ಎಂಬ ಕಡತದ ರೀತಿ ಬಂತು. ಅದು ಬರೀ ಅಕ್ಷರಗಳ ಕಡತ. ತೆರೆದರೆ ಮನುಷ್ಯರೂ ಓದಬಹುದು. ಇದು ಅಕ್ಷಾಂಶ, ಇದು ರೇಖಾಂಶ, ಇದು ಹೆಸರು, ಇದು ವಿವರ ಎಂದು ಒಂದೊಂದಕ್ಕೂ ಚೀಟಿ ಅಂಟಿಸಿ ಬರೆದಿರುತ್ತದೆ. ಬೇರೆ ಬೇರೆ ಕಂಪನಿಯ ಯಂತ್ರಗಳು ಒಂದೇ ಕಡತವನ್ನು ಓದುವುದು ಸಾಧ್ಯವಾಯಿತು. ಕೊನೆಗೆ 2008ರಲ್ಲಿ ಗಾರ್ಮಿನ್‌ನ ಕೊಲರಾಡೊ ಎಂಬ ಯಂತ್ರದಲ್ಲಿ ದಾರಿಯೂ ಪುಟವೂ ಒಂದೇ ಪರದೆಯ ಮೇಲೆ ಸಿಕ್ಕವು. 2011ರ ಹೊತ್ತಿಗೆ ಆ ಕಂಪನಿಯ ಅತಿ ಅಗ್ಗದ ಇಟ್ರೆಕ್ಸ್ 10 ಕೂಡ ಇಡೀ ಪುಟವನ್ನು ಹೊರುವಂತಾಯಿತು. ಹಾಗಾಗಿ ನೀವು ಯಂತ್ರ ನೋಡುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು: ಜಿಪಿಎಕ್ಸ್ ಕಡತದ ಎಲ್ಲವನ್ನೂ ತೋರಿಸುತ್ತದೆಯೇ, ಅಥವಾ ಬರೀ ಬಿಂದುವನ್ನೇ? ಕೆಲವು ಯಂತ್ರಗಳು ಕಡತವನ್ನು ಒಪ್ಪಿಕೊಳ್ಳುತ್ತವೆ, ವಿವರಗಳನ್ನು ಮಾತ್ರ ಕೈಬಿಡುತ್ತವೆ. ಅಂಥದ್ದು ಈ ಆಟಕ್ಕೆ ಸಾಲದು.

ಎಷ್ಟೇ ಕಾಗದ ಬಿಟ್ಟರೂ ಡಬ್ಬಿಯೊಳಗಿನ ಹೆಸರಿನ ಪುಸ್ತಕ ಇಂದಿಗೂ ಕಾಗದದ್ದೇ. ಆದ್ದರಿಂದ ಜೇಬಿನಲ್ಲಿ ಒಂದು ಪೆನ್ಸಿಲ್ ಇರಲಿ. ಒದ್ದೆಯಾದರೆ ಪೆನ್ನಿನ ಶಾಯಿ ಹರಡುತ್ತದೆ, ಪೆನ್ಸಿಲಿನ ಗ್ರಾಫೈಟ್ ಹರಡುವುದಿಲ್ಲ.

ಈಗ ಯಂತ್ರದೊಳಗೆ ಹೋಗೋಣ. ನೀವು ಎಲ್ಲಿದ್ದೀರಿ ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಶಾಲೆಯ ಮೈದಾನದಲ್ಲಿ ಇದನ್ನು ಆಡಿ ನೋಡಬಹುದು. ದೂರದೂರದಲ್ಲಿ ಮೂರು ಗೂಟ ನೆಡಿ. ಮೈದಾನದಲ್ಲಿ ಒಂದು ಕಡೆ ನಾಣ್ಯ ಇಟ್ಟು, ಪ್ರತಿ ಗೂಟದಿಂದ ಅಲ್ಲಿಗೆ ಎಷ್ಟು ದೂರ ಎಂದು ಹಗ್ಗದಿಂದ ಅಳೆದುಕೊಳ್ಳಿ. ನಾಣ್ಯ ತೆಗೆದು, ಗೆಳೆಯರನ್ನು ಕರೆದು ಮೂರು ಹಗ್ಗಗಳನ್ನು ಕೊಡಿ. ಮೊದಲ ಹಗ್ಗವನ್ನು ಬಿಗಿಯಾಗಿ ಹಿಡಿದು ಸುತ್ತಿದರೆ ಒಂದು ವೃತ್ತ. ನಾಣ್ಯ ಅದರ ಮೇಲೆ ಎಲ್ಲಿ ಬೇಕಾದರೂ ಇರಬಹುದು. ಎರಡನೆಯ ವೃತ್ತ ಅದನ್ನು ಎರಡು ಕಡೆ ಕತ್ತರಿಸುತ್ತದೆ. ಮೂರನೆಯದು ಅವೆರಡರಲ್ಲಿ ಒಂದರ ಮೂಲಕ ಹಾಯುತ್ತದೆ. ಅಲ್ಲೇ ನಾಣ್ಯ ಇದ್ದದ್ದು.

ಜಿಪಿಎಸ್‌ನಲ್ಲಿ ಗೂಟಗಳು ಆಕಾಶದಲ್ಲಿವೆ. ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಕನಿಷ್ಠ 24 ಉಪಗ್ರಹಗಳು ಹೆಚ್ಚುಕಡಿಮೆ 12 ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತವೆ. ಹಗ್ಗದ ಬದಲು ರೇಡಿಯೊ ಅಲೆ. ಪ್ರತಿ ಉಪಗ್ರಹವೂ 'ನಾನು ಇಲ್ಲಿದ್ದೇನೆ, ಈಗ ಗಂಟೆ ಇಷ್ಟು' ಎಂದು ಸಾರುತ್ತಲೇ ಇರುತ್ತದೆ. ಅಲೆಯ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ನೆತ್ತಿಯ ಮೇಲಿನ ಉಪಗ್ರಹದಿಂದ ನಮ್ಮನ್ನು ತಲುಪಲು ಅದಕ್ಕೆ ಬೇಕಾಗುವುದು ಸೆಕೆಂಡಿನ ಸಾವಿರದಲ್ಲಿ 67 ಪಾಲು. ತಲುಪಿದ ಹೊತ್ತಿನಿಂದ ಹೊರಟ ಹೊತ್ತನ್ನು ಕಳೆದು, ಅಲೆಯ ವೇಗದಿಂದ ಗುಣಿಸಿದರೆ ದೂರ ಗೊತ್ತಾಗುತ್ತದೆ.

ಆದರೆ ಹೊತ್ತನ್ನು ಎಷ್ಟು ಸರಿಯಾಗಿ ಅಳೆಯಬೇಕು? ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು, ಅಂದರೆ ಒಂದು ಮೈಕ್ರೊಸೆಕೆಂಡ್ ತಪ್ಪಿದರೂ ದೂರ 300 ಮೀಟರ್ ತಪ್ಪುತ್ತದೆ. ಉಪಗ್ರಹದಲ್ಲಿ ಪರಮಾಣು ಗಡಿಯಾರ ಇರುತ್ತದೆ, ಸರಿ. ನಮ್ಮ ಕೈಯ ಯಂತ್ರದಲ್ಲಿರುವುದು ಅಗ್ಗದ ಗಡಿಯಾರ. ಹಾಗಾದರೆ? ಇಲ್ಲೊಂದು ಜಾಣತನವಿದೆ. ನಮಗೆ ಗೊತ್ತಿಲ್ಲದ ಸಂಗತಿಗಳು ನಾಲ್ಕು: ಅಕ್ಷಾಂಶ, ರೇಖಾಂಶ, ಎತ್ತರ, ಮತ್ತು ನಮ್ಮ ಗಡಿಯಾರ ಎಷ್ಟು ತಪ್ಪಿದೆ ಎಂಬುದು. ನಾಲ್ಕು ಗೊತ್ತಿಲ್ಲದ್ದಕ್ಕೆ ನಾಲ್ಕು ಸಮೀಕರಣ ಬೇಕೆಂದು ನಿಮ್ಮ ಗಣಿತದ ಮೇಷ್ಟ್ರು ಹೇಳುತ್ತಾರೆ. ಅದಕ್ಕೇ ನಾಲ್ಕು ಉಪಗ್ರಹ ಬೇಕು. ನಾಲ್ಕನೆಯದು ನಮ್ಮ ಅಗ್ಗದ ಗಡಿಯಾರವನ್ನು ತಿದ್ದುತ್ತದೆ.

ಇನ್ನೂ ಒಂದು ಅಚ್ಚರಿ ಇದೆ, ಇದನ್ನು ಹೇಳದೆ ಮುಂದೆ ಹೋಗಲಾರೆ. ಐನ್‌ಸ್ಟೈನ್ ಹೇಳಿದಂತೆ ಗುರುತ್ವ ಕಡಿಮೆ ಇರುವಲ್ಲಿ ಗಡಿಯಾರ ಬೇಗ ಓಡುತ್ತದೆ, ವೇಗವಾಗಿ ಚಲಿಸಿದರೆ ನಿಧಾನವಾಗುತ್ತದೆ. ಉಪಗ್ರಹದಲ್ಲಿ ಎರಡೂ ಸೇರಿ, ಅಲ್ಲಿನ ಗಡಿಯಾರ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೋಡುತ್ತದೆ. 38ನ್ನು 300 ಮೀಟರಿನಿಂದ ಗುಣಿಸಿ. ಹನ್ನೊಂದು ಕಿಲೋಮೀಟರಿಗೂ ಹೆಚ್ಚು! ಇದನ್ನು ಮೊದಲೇ ಲೆಕ್ಕ ಹಾಕಿ ಗಡಿಯಾರಗಳನ್ನು ಹೊಂದಿಸಿ ಕಳಿಸಿರುವುದರಿಂದಲೇ ಆರೆಗಾನಿನ ಬಕೆಟು ಸಿಕ್ಕಿತು.

ಇಷ್ಟು ತಿಳಿದರೆ ಒಂದು ತಪ್ಪು ತಿಳಿವಳಿಕೆ ತಾನಾಗಿಯೇ ಹೋಗುತ್ತದೆ. 'ಕಾಡಿನಲ್ಲಿ ನೆಟ್‌ವರ್ಕ್ ಇಲ್ಲ, ಜಿಪಿಎಸ್ ಕೆಲಸ ಮಾಡುವುದಿಲ್ಲ' ಎಂದು ದೊಡ್ಡವರೂ ಹೇಳುವುದುಂಟು. ಯಂತ್ರ ಕೇಳುತ್ತಿರುವುದು ಉಪಗ್ರಹವನ್ನು, ಮೊಬೈಲ್ ಗೋಪುರವನ್ನಲ್ಲ. ಅದು ತಾನಾಗಿ ಏನನ್ನೂ ಮೇಲಕ್ಕೆ ಕಳಿಸುವುದೂ ಇಲ್ಲ, ಬರೀ ಕೇಳುತ್ತದೆ. ನೆಟ್‌ವರ್ಕ್ ಬೇಕಾಗುವುದು ನಕ್ಷೆಯನ್ನೂ ಪುಟವನ್ನೂ ತರಿಸಿಕೊಳ್ಳಲು. ಅವೆರಡನ್ನೂ ಮನೆಯಲ್ಲೇ ಇಳಿಸಿಟ್ಟುಕೊಂಡರೆ ಫೋನೂ ಕಾಡಿನಲ್ಲಿ ದಾರಿ ತೋರುತ್ತದೆ.

ಒಂದು ವಿಷಯದಲ್ಲಿ ಮಾತ್ರ ನೆಟ್‌ವರ್ಕ್ ಫೋನಿಗೆ ಸಹಾಯ ಮಾಡುತ್ತದೆ. ಉಪಗ್ರಹ ತನ್ನ ಕಕ್ಷೆಯ ವಿವರವನ್ನು ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ಹೇಳುತ್ತದೆ. ಒಂದು ಉಪಗ್ರಹದ ವಿವರ ಕೇಳಿ ಮುಗಿಸಲು ಸುಮಾರು ಅರ್ಧ ನಿಮಿಷ. ಎಲ್ಲ ಉಪಗ್ರಹಗಳ ಪಟ್ಟಿಯನ್ನೂ ಕೇಳಲು ಹನ್ನೆರಡೂವರೆ ನಿಮಿಷ. ಫೋನು ಈ ವಿವರಗಳನ್ನು ಮೊಬೈಲ್ ಜಾಲದಿಂದ ಚಿಟಿಕೆಯಲ್ಲಿ ತರಿಸಿಕೊಂಡುಬಿಡುತ್ತದೆ. ಅದಕ್ಕೇ ಊರಿನಲ್ಲಿ ಫೋನು ಬೇಗ ಜಾಗ ಹೇಳುತ್ತದೆ. ತಿಂಗಳುಗಟ್ಟಲೆ ಕಪಾಟಿನಲ್ಲಿದ್ದ ಜಿಪಿಎಸ್ ಯಂತ್ರವನ್ನು ಹೊರತೆಗೆದಾಗ ಅದು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ತೆರೆದ ಆಕಾಶದ ಕೆಳಗೆ ಇಟ್ಟು ಕಾಯಿರಿ.

ಹಾಗಾದರೆ ಫೋನು ಸಾಕೇ, ಬೇರೆ ಯಂತ್ರ ಬೇಕೇ? ಬಿಸಿಲಿಗೆ ಬನ್ನಿ, ಹೇಳುತ್ತೇನೆ. ಫೋನಿನ ಪರದೆ ತನ್ನದೇ ಬೆಳಕಿನಿಂದ ಹೊಳೆಯುತ್ತದೆ. ನಡುಮಧ್ಯಾಹ್ನದ ಬಿಸಿಲಿನ ಮುಂದೆ ಆ ಬೆಳಕು ಸೋಲುತ್ತದೆ. ಬೆಳಕು ಹೆಚ್ಚಿಸಿದಷ್ಟೂ ಬ್ಯಾಟರಿ ಬೇಗ ಖಾಲಿ. ಕಾಡಿಗೆಂದೇ ಮಾಡಿದ ಯಂತ್ರಗಳಲ್ಲಿ ಬೇರೆ ಬಗೆಯ ಪರದೆ ಇರುತ್ತದೆ. ಅದರ ಹಿಂದಿನ ಪದರ ಒಳಗಿನ ದೀಪದ ಬೆಳಕನ್ನು ಹೊರಕ್ಕೆ ಬಿಡುತ್ತದೆ, ಹೊರಗಿನ ಬಿಸಿಲನ್ನು ಕನ್ನಡಿಯ ಹಾಗೆ ಹಿಂದಕ್ಕೂ ಕಳಿಸುತ್ತದೆ. ಬಿಸಿಲು ಹೆಚ್ಚಾದಷ್ಟೂ ಅಕ್ಷರ ಚೆನ್ನಾಗಿ ಕಾಣುತ್ತದೆ, ದೀಪ ಹಚ್ಚುವ ಅಗತ್ಯವೇ ಇಲ್ಲ! ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಈ ಪರದೆ ಮಂಕಾಗಿ ಕಾಣುತ್ತದೆ, ಫೋನಿನದು ಫಳಫಳ ಹೊಳೆಯುತ್ತದೆ. ಅದಕ್ಕೇ ಪರದೆಯನ್ನು ಅಂಗಡಿಯೊಳಗೆ ನೋಡಿ ತೀರ್ಮಾನ ಮಾಡಬಾರದು. ಬಾಗಿಲಾಚೆ ಬಿಸಿಲಿಗೆ ತಂದು ನೋಡಬೇಕು.

ಬೆರಳಿನ ವಿಷಯವೂ ಹಾಗೆಯೇ. ಫೋನಿನ ಪರದೆಯ ಮೇಲೆ ಕಣ್ಣಿಗೆ ಕಾಣದ ವಿದ್ಯುತ್ ಕ್ಷೇತ್ರ ಹರಡಿರುತ್ತದೆ. ನಮ್ಮ ಮೈ ವಿದ್ಯುತ್ತನ್ನು ಹರಿಯಬಿಡುವಂಥದ್ದು, ಬೆರಳು ತಾಗಿದಲ್ಲಿ ಕ್ಷೇತ್ರ ಬದಲಾಗುತ್ತದೆ, ಪರದೆಗೆ ಗೊತ್ತಾಗುತ್ತದೆ. ಮಳೆಹನಿ ಬಿದ್ದರೂ ಬದಲಾಗುತ್ತದೆ, ಪರದೆ ಗೊಂದಲಕ್ಕೆ ಬೀಳುತ್ತದೆ. ಉಣ್ಣೆಯ ಕೈಗವಸು ಹಾಕಿದ್ದರೆ ಏನೂ ಆಗುವುದಿಲ್ಲ. 2008ರಲ್ಲಿ ಗಾರ್ಮಿನ್ ತಂದ ಇನ್ನೊಂದು ಯಂತ್ರಕ್ಕೆ ಆಟ ಹುಟ್ಟಿದ ರಾಜ್ಯದ ಹೆಸರೇ ಇತ್ತು, ಆರೆಗಾನ್. ಅದರ ಪರದೆಯಲ್ಲಿ ಎರಡು ತೆಳುಪದರಗಳಿದ್ದು, ಒತ್ತಿದಾಗ ಒಂದಕ್ಕೊಂದು ತಾಗುತ್ತಿದ್ದವು. ಕೈಗವಸಿನಿಂದ ಒತ್ತಿದರೂ ಸರಿ, ಕಡ್ಡಿಯಿಂದ ಒತ್ತಿದರೂ ಸರಿ. ಇಟ್ರೆಕ್ಸ್‌ನಲ್ಲಿ ಟಚ್ ಸ್ಕ್ರೀನೇ ಇರಲಿಲ್ಲ, ಗುಂಡಿಗಳು. ಹಳೆಯ ಕಾಲದ್ದು ಎನಿಸಬಹುದು, ಆದರೆ ಮಳೆಯಲ್ಲಿ ಗುಂಡಿಯಷ್ಟು ನಂಬಿಕೆಯ ವಸ್ತು ಬೇರೆಯಿಲ್ಲ. ಮಲೆನಾಡಿನ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಸೆಲ್ಲು. ಇಟ್ರೆಕ್ಸ್ 10 ಗೋಡೆ ಗಡಿಯಾರಕ್ಕೆ ಹಾಕುವಂಥ ಎರಡು ಎಎ ಸೆಲ್‌ನಿಂದ ಸುಮಾರು 25 ಗಂಟೆ ಓಡುತ್ತದೆ. ಮುಗಿದರೆ ಯಾವ ಹಳ್ಳಿಯ ಅಂಗಡಿಯಲ್ಲೂ ಹೊಸ ಸೆಲ್ ಸಿಗುತ್ತದೆ. ಇದು ದೊಡ್ಡ ಗುಣ. ಸಾಮಾನ್ಯ ಆಲ್ಕಲೈನ್ ಸೆಲ್ ಹೊಸತರಲ್ಲಿ 1.5 ವೋಲ್ಟ್ ಕೊಡುತ್ತದೆ, ಬಳಸುತ್ತ ಹೋದಂತೆ ವೋಲ್ಟೇಜು ಮೆಲ್ಲಮೆಲ್ಲನೆ ಇಳಿಯುತ್ತದೆ. ಮತ್ತೆ ಮತ್ತೆ ಚಾರ್ಜ್ ಮಾಡುವ ನಿಕಲ್ ಸೆಲ್ 1.2 ವೋಲ್ಟಿನ ಆಸುಪಾಸಿನಲ್ಲೇ ಬಹಳ ಹೊತ್ತು ನಿಂತು, ಕೊನೆಗೆ ಒಮ್ಮೆಲೇ ಕುಸಿಯುತ್ತದೆ. ಯಂತ್ರಕ್ಕೆ ಸೆಲ್ಲಿನೊಳಗೆ ಇಣುಕಲು ಬರುವುದಿಲ್ಲ, ವೋಲ್ಟೇಜು ನೋಡಿ ಎಷ್ಟು ಉಳಿದಿದೆ ಎಂದು ಊಹಿಸುತ್ತದೆ. ಆದ್ದರಿಂದ ಯಾವ ಬಗೆಯ ಸೆಲ್ ಹಾಕಿದ್ದೀರಿ ಎಂದು ಅದಕ್ಕೆ ಹೇಳಲು ಒಂದು ಆಯ್ಕೆ ಇರುತ್ತದೆ. ಹೇಳದಿದ್ದರೆ ತುಂಬಿದ ನಿಕಲ್ ಸೆಲ್ಲನ್ನೂ ಅರ್ಧ ಮುಗಿದಿದೆ ಎಂದು ತೋರಿಸುತ್ತದೆ. ಆರೆಗಾನಿನ ಬೆಟ್ಟಗಳಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಚಳಿಯಲ್ಲಿ ಸೆಲ್ಲಿನೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ, ಆಲ್ಕಲೈನ್ ಸೆಲ್ ಬಳಲಿಬಿಡುತ್ತದೆ. ಅಲ್ಲಿಯವರು ಲಿಥಿಯಂ ಎಎ ಸೆಲ್ ಒಯ್ಯುತ್ತಾರೆ. ಅದು ಶೂನ್ಯಕ್ಕಿಂತ 40 ಡಿಗ್ರಿ ಕೆಳಗೂ ದುಡಿಯುತ್ತದೆ. ನಮ್ಮ ಬಯಲುಸೀಮೆಯಲ್ಲಿ ಆಡುವವರಿಗೆ ಅಷ್ಟು ದುಬಾರಿ ಸೆಲ್ ಬೇಡವೇ ಬೇಡ.

ಒಂದೇ ವರ್ಷ ಬಂದ ಇಟ್ರೆಕ್ಸ್ 10, 20, 30 ಎಂಬ ಮೂರು ಯಂತ್ರಗಳನ್ನು ಹೋಲಿಸಿದರೆ ಮುಂದಿನ ಮಾತು ಸುಲಭವಾಗುತ್ತದೆ. 10ರಲ್ಲಿ ಕಪ್ಪುಬಿಳುಪು ಪರದೆ. 20ರಲ್ಲಿ ಬಣ್ಣದ ಪರದೆ, ನಕ್ಷೆ. 30ರಲ್ಲಿ ಅದರ ಜೊತೆಗೆ ವಿದ್ಯುನ್ಮಾನ ದಿಕ್ಸೂಚಿ, ಮತ್ತು ಗಾಳಿಯ ಒತ್ತಡ ನೋಡಿ ಎತ್ತರ ಹೇಳುವ ಮಾಪಕ. ಆಕಾಶದಲ್ಲಿ ಅಷ್ಟು ಉಪಗ್ರಹಗಳಿರುವಾಗ ದಿಕ್ಸೂಚಿ ಯಾಕೆ ಬೇಕು? ಜಿಪಿಎಸ್‌ಗೆ ನೀವು ಎಲ್ಲಿದ್ದೀರಿ ಎಂದು ಗೊತ್ತು, ಯಾವ ಕಡೆ ಮುಖ ಮಾಡಿದ್ದೀರಿ ಎಂದು ಗೊತ್ತಿಲ್ಲ. ನಾಲ್ಕು ಹೆಜ್ಜೆ ನಡೆದರೆ ಹಿಂದಿನ ಜಾಗ, ಈಗಿನ ಜಾಗ ಎರಡನ್ನೂ ಹೋಲಿಸಿ ದಿಕ್ಕು ಹೇಳುತ್ತದೆ. ನಿಂತರೆ ಬಾಣದ ಗುರುತು ಎತ್ತೆತ್ತಲೋ ತಿರುಗುತ್ತದೆ. ಡಬ್ಬಿಯ ಹತ್ತಿರ ಬಂದಾಗಲೇ ನಾವು ನಿಲ್ಲುವುದು, ಬಾಣ ಬೇಕಾಗುವುದೂ ಆಗಲೇ. ಭೂಮಿಯ ಕಾಂತಕ್ಷೇತ್ರವನ್ನು ಅಳೆಯುವ ದಿಕ್ಸೂಚಿ ಇದ್ದರೆ ನಿಂತಲ್ಲೂ ದಿಕ್ಕು ಗೊತ್ತಾಗುತ್ತದೆ. ಈಗಿನ ಹೆಚ್ಚಿನ ಫೋನುಗಳಲ್ಲಿ ಇದು ಇದೆ. ಆದರೆ ಸೆಲ್ ಬದಲಿಸಿದಾಗಲೆಲ್ಲ ಯಂತ್ರವನ್ನು ತಿರುಗಿಸಿ ತಿರುಗಿಸಿ ದಿಕ್ಸೂಚಿಯನ್ನು ಹೊಂದಿಸಬೇಕು. ಅಯಸ್ಕಾಂತವಿರುವ ಮುಚ್ಚಳದ ಕವರಿನೊಳಗೆ ಫೋನಿಟ್ಟರೆ ದಿಕ್ಕು ತಪ್ಪುತ್ತದೆ. ದಿಕ್ಸೂಚಿ ಇಲ್ಲದ ಅಗ್ಗದ ಯಂತ್ರ ನಿಮ್ಮದಾದರೆ ಚಿಂತೆಯಿಲ್ಲ, ಡಬ್ಬಿಯ ಸುತ್ತ ನಿಲ್ಲದೆ ನಿಧಾನವಾಗಿ ನಡೆಯುತ್ತಿರಿ.

ಮರಗಳ ಕೆಳಗೆ ಏನಾಗುತ್ತದೆ? ಉಪಗ್ರಹದ ಅಲೆ ನಮ್ಮನ್ನು ತಲುಪುವ ಹೊತ್ತಿಗೆ ತೀರಾ ಕ್ಷೀಣವಾಗಿರುತ್ತದೆ. ಒದ್ದೆ ಎಲೆಗಳು ಅದನ್ನು ಇನ್ನಷ್ಟು ಹೀರಿಕೊಳ್ಳುತ್ತವೆ. ಬಂಡೆಗಳೂ ಕಟ್ಟಡಗಳೂ ಅದನ್ನು ಪ್ರತಿಫಲಿಸುತ್ತವೆ. ಬಂಡೆಗೆ ಬಡಿದು ಬಂದ ಅಲೆ 30 ಮೀಟರ್ ಹೆಚ್ಚು ಸುತ್ತಿ ಬಂದಿದ್ದರೆ, ಉಪಗ್ರಹ ಇನ್ನೂ 30 ಮೀಟರ್ ಹೆಚ್ಚು ದೂರದಲ್ಲಿದೆ ಎಂದು ಯಂತ್ರ ಮೋಸ ಹೋಗುತ್ತದೆ. ಇದಕ್ಕೂ ವಿಜ್ಞಾನಿಗಳು ಒಂದು ಉಪಾಯ ಮಾಡಿದ್ದಾರೆ, ನನಗೆ ಇದು ಬಹಳ ಮೆಚ್ಚು. ಜಿಪಿಎಸ್ ಅಲೆ ಬಲಸುತ್ತಾಗಿ ತಿರುಗುತ್ತ ಬರುತ್ತದೆ. ಬಂಡೆಗೆ ಬಡಿದರೆ ಹೆಚ್ಚಾಗಿ ಎಡಸುತ್ತಾಗಿಬಿಡುತ್ತದೆ. ಬಲಸುತ್ತಿನ ಅಲೆಯನ್ನೇ ಹೆಚ್ಚು ಹಿಡಿಯುವಂತೆ ಆಂಟೆನಾ ಮಾಡಿದರೆ ಬಡಿದು ಬಂದ ಅಲೆ ಅದಕ್ಕೆ ಅಷ್ಟಾಗಿ ಕೇಳಿಸುವುದೇ ಇಲ್ಲ. ಗಾರ್ಮಿನ್‌ನ ಜಿಪಿಎಸ್‌ಮ್ಯಾಪ್ 60 ಸಾಲಿನ ಯಂತ್ರಗಳ ತಲೆಯ ಮೇಲೆ ದಪ್ಪನೆಯ ಕೊಂಬು ಇರುತ್ತದಲ್ಲ, ಅದರೊಳಗೆ ಸುರುಳಿ ಸುತ್ತಿದ ಅಂಥ ಆಂಟೆನಾ ಇದೆ. ಅದನ್ನು ನೆಟ್ಟಗೆ ಹಿಡಿಯಬೇಕು. ಇಟ್ರೆಕ್ಸ್‌ನಲ್ಲಿ ಚಪ್ಪಟೆ ಆಂಟೆನಾ, ಅದನ್ನು ಅಂಗೈ ಮೇಲೆ ಆಕಾಶಕ್ಕೆ ಮುಖಮಾಡಿ ಹಿಡಿಯಬೇಕು. ಫೋನಿನೊಳಗಿನ ಪುಟ್ಟ ಆಂಟೆನಾಕ್ಕೆ ಬಲ ಎಡ ಅಷ್ಟು ತಿಳಿಯುವುದಿಲ್ಲ. ಆದರೆ ಹೊಸ ಫೋನುಗಳಲ್ಲಿ ಬೇರೆ ಬಲವಿದೆ: ಕೆಲವು ಎರಡೆರಡು ಆವರ್ತನಗಳನ್ನು ಕೇಳುತ್ತವೆ, ಜಿಪಿಎಸ್ ಜೊತೆ ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೂ ಉಪಗ್ರಹಗಳನ್ನೂ ಕೇಳುತ್ತವೆ. ಮರ ಕೆಲವನ್ನು ಮರೆಮಾಡಿದರೂ ಉಳಿದವು ಬೇಕಾದಷ್ಟಿರುತ್ತವೆ.

ಇಷ್ಟೆಲ್ಲ ಇದ್ದರೂ ಅಂಕಿಗಳನ್ನು ಕುರುಡಾಗಿ ನಂಬಬೇಡಿ. ಅಲ್ಮರ್ ಬರೆದ 17.460 ಮಿನಿಟ್‌ನ ಕೊನೆಯ ಸ್ಥಾನ ಒಂದು ಬದಲಾದರೆ ನೆಲದ ಮೇಲೆ 1.85 ಮೀಟರ್ ಉತ್ತರಕ್ಕೋ ದಕ್ಷಿಣಕ್ಕೋ ಸರಿದಂತೆ. ಪೂರ್ವ ಪಶ್ಚಿಮದಲ್ಲಾದರೆ ಆರೆಗಾನಿನಲ್ಲಿ ಸುಮಾರು 1.3 ಮೀಟರ್, ಬೆಂಗಳೂರಿನಲ್ಲಿ ಸುಮಾರು 1.8. ಧ್ರುವದ ಕಡೆ ಹೋದಂತೆ ರೇಖಾಂಶದ ಗೆರೆಗಳು ಹತ್ತಿರವಾಗುವುದರಿಂದ ಈ ವ್ಯತ್ಯಾಸ. ಪರದೆಯ ಮೇಲಿನ ಸಂಖ್ಯೆ ಇಷ್ಟು ನಯವಾಗಿದ್ದರೂ ಯಂತ್ರದ ತಪ್ಪು ಕೆಲವು ಮೀಟರ್ ಇದ್ದೇ ಇರುತ್ತದೆ. ಡಬ್ಬಿ ಇಟ್ಟವರ ಯಂತ್ರದ್ದೊಂದು ತಪ್ಪು, ಹುಡುಕುವವರದ್ದೊಂದು. ಅದಕ್ಕೇ ಡಬ್ಬಿ ಇಡುವವರು ಒಂದೇ ಸಲ ನೋಡಿ ಬರೆಯದೆ ಹಲವು ನಿಮಿಷ ಅಲ್ಲೇ ನಿಂತು ಸರಾಸರಿ ತೆಗೆಯುತ್ತಾರೆ. ಇನ್ನೊಂದು ದಿನ ಬಂದು ಮತ್ತೆ ತೆಗೆದರೆ ಇನ್ನೂ ಒಳ್ಳೆಯದು, ಆಗ ಉಪಗ್ರಹಗಳು ಬೇರೆ ಕಡೆ ಇರುತ್ತವೆ. ಸರಾಸರಿ ತೆಗೆಯುವ ಸೌಲಭ್ಯ ಯಂತ್ರದಲ್ಲಿದೆಯೇ ಎಂದು ನೋಡಿಕೊಳ್ಳಿ. ನೀರಿನ ಬಗ್ಗೆ ಐಪಿಎಕ್ಸ್7 ಎಂದು ಬರೆದಿದ್ದರೆ, ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ಕೆಡುವುದಿಲ್ಲ ಎಂದರ್ಥ.

ಈಗ ನನ್ನ ಅಭಿಪ್ರಾಯ ಕೇಳಿದರೆ: ಊರಿನೊಳಗೆ, ಉದ್ಯಾನದಲ್ಲಿ, ಒಂದೆರಡು ಗಂಟೆ ಆಡುವುದಾದರೆ ಮನೆಯಲ್ಲಿರುವ ಫೋನೇ ಸಾಕು. ನಕ್ಷೆಯನ್ನೂ ಪುಟಗಳನ್ನೂ ಇಳಿಸಿಕೊಳ್ಳಿ, ಒಂದು ಪವರ್ ಬ್ಯಾಂಕ್ ಇರಲಿ. ಇಡೀ ದಿನ ಬೆಟ್ಟ, ಮಳೆ, ಕಾಡು ಎಂದಾದರೆ ಗುಂಡಿಗಳಿರುವ, ಎಎ ಸೆಲ್ಲಿನ, ಪೂರ್ತಿ ಪುಟ ತೋರಿಸುವ ಸರಳ ಯಂತ್ರ ಒಳ್ಳೆಯದು, ಹಳೆಯದಾದರೂ ಪರವಾಗಿಲ್ಲ. ಕ್ಯಾಮೆರಾ, ಎತ್ತರದ ಮಾಪಕ ಇವಕ್ಕೆ ಹೆಚ್ಚು ದುಡ್ಡು ಕೊಡುವ ಬದಲು ದಿಕ್ಸೂಚಿ ಇರುವುದನ್ನು ಆರಿಸುತ್ತೇನೆ. ಒಂದು ಎಚ್ಚರಿಕೆ: ಉಪಗ್ರಹದ ಮೂಲಕ ಸಂದೇಶ ಕಳಿಸಬಲ್ಲ ಯಂತ್ರಗಳೂ ಹೊರದೇಶದ ಅಂಗಡಿಗಳಲ್ಲಿ ಇದೇ ಸಾಲಿನಲ್ಲಿರುತ್ತವೆ. ಸರ್ಕಾರದ ಅನುಮತಿಯಿಲ್ಲದೆ ನಮ್ಮ ದೇಶದಲ್ಲಿ ಅವನ್ನು ಬಳಸುವಂತಿಲ್ಲ. ವಿದೇಶದಲ್ಲಿರುವ ಮಾವನೋ ಚಿಕ್ಕಮ್ಮನೋ ತಂದುಕೊಡುತ್ತೇವೆ ಎಂದರೆ ಇದನ್ನು ಮೊದಲೇ ಹೇಳಿ. ರಕ್ಷಿತ ಅರಣ್ಯಕ್ಕೆ, ಯಾರದೋ ತೋಟಕ್ಕೆ ಹೇಳದೆ ಕೇಳದೆ ನುಗ್ಗಬೇಡಿ, ದೊಡ್ಡವರು ಜೊತೆಗಿರಲಿ.

ಯಂತ್ರ ಕೊಳ್ಳುವ ಮೊದಲೇ ಮಾಡಿ ನೋಡಬಹುದಾದ ಒಂದು ಪ್ರಯೋಗವಿದೆ. ಉಪಗ್ರಹಗಳನ್ನು ಪರದೆಯ ಮೇಲೆ ತೋರಿಸುವ ಉಚಿತ ಆ್ಯಪ್‌ಗಳಿವೆ. ಮನೆಯವರನ್ನು ಕೇಳಿ ಅಂಥದ್ದೊಂದನ್ನು ಫೋನಿಗೆ ಹಾಕಿಸಿಕೊಳ್ಳಿ. ಲೊಕೇಶನ್ ಮಾತ್ರ ತೆರೆದಿಟ್ಟು ಫೋನನ್ನು ವಿಮಾನದ ಮೋಡ್‌ಗೆ ಹಾಕಿ. ತಾರಸಿಯ ಮೇಲೆ ಎಷ್ಟು ಉಪಗ್ರಹ ಕೇಳಿಸುತ್ತವೆ, ಮಾವಿನ ಮರದ ಕೆಳಗೆ ಎಷ್ಟು, ಎರಡು ಎತ್ತರದ ಗೋಡೆಗಳ ನಡುವೆ ಎಷ್ಟು ಎಂದು ಬರೆದುಕೊಳ್ಳಿ. ಪಟ್ಟಿಯಲ್ಲಿ ನಾವಿಕ್ ಎಂಬ ಹೆಸರು ಇದೆಯೇ ಎಂದೂ ಹುಡುಕಿ. ಅವು ನಮ್ಮ ಇಸ್ರೊದ ಉಪಗ್ರಹಗಳು. ಮೊದಲನೆಯದು 2013ರ ಜುಲೈ 1ರಂದು ಹಾರಿತು; 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಭಾರತದಲ್ಲೇ ಮಾಡಿದ ಪರಮಾಣು ಗಡಿಯಾರ ಇದೆ. ಇವುಗಳ ಒಂದು ನ್ಯಾವಿಗೇಶನ್ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. ಜಿಪಿಎಸ್ ಉಪಗ್ರಹಗಳಿಗಿಂತ ಎತ್ತರದಲ್ಲಿ, ಸುಮಾರು 36,000 ಕಿಲೋಮೀಟರ್ ಮೇಲೆ ಅವು ನಮ್ಮ ಭಾಗದ ಆಕಾಶದಲ್ಲೇ ಇರುತ್ತವೆ. ಎಲ್ಲ ಫೋನುಗಳೂ ಅವನ್ನು ಕೇಳಲಾರವು. ಯಾರ ಮನೆಯ ಫೋನು ಕೇಳುತ್ತದೆ, ಯಾರದ್ದು ಕೇಳುವುದಿಲ್ಲ ಎಂದು ತರಗತಿಯ ಗೆಳೆಯರೆಲ್ಲ ಸೇರಿ ಒಂದು ಪಟ್ಟಿ ಮಾಡಿ.